ಮಡಿಕೆ ಬಿಡದೆ ಹೊಲಿದ ಯೂನಿಫಾರಂ

ನಿವೃತ್ತನಾದ ಮೊದಲ ವರ್ಷ ವಿಶಾಖಪಟ್ಟಣದ ಒಂದು ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ಕಾವಲುಗಾರನೊಬ್ಬ ನನ್ನ ಕೈಚೀಲ ತೆರೆಸಿ ನೋಡಿದ. ತಲೆ ಎತ್ತಿದಾಗ ಇಬ್ಬರಿಗೂ ಗುರುತು ಸಿಕ್ಕಿತು. ನಾವು ಒಂದೇ ಹಡಗಿನಲ್ಲಿ ಮೂರು ವರ್ಷ ಇದ್ದವರು. ಅಲ್ಲಿ ಅವನು ರಡಾರ್ ಪರದೆಯ ಮುಂದೆ ಕೂರುತ್ತಿದ್ದ. ಅವನು ಹೇಳಿದ ದೂರ, ದಿಕ್ಕು ನಂಬಿ ಕ್ಯಾಪ್ಟನ್ ಹಡಗು ತಿರುಗಿಸುತ್ತಿದ್ದರು. ಇಲ್ಲಿ ಅವನು ಹೆಂಗಸರ ಚೀಲದೊಳಗೆ ಇಣುಕುವ ಕೆಲಸಕ್ಕಿದ್ದ. "ಹೋಗಿ ಸರ್" ಎಂದು ಬಾಗಿಲು ತೆರೆದು ಹಿಡಿದ. ನಾನು ಒಳಗೆ ಹೋಗಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದೆ.

ಪಡೆಯಿಂದ ಹೊರಬಂದವನಿಗೆ ಈ ದೇಶ ಇಟ್ಟಿರುವ ಜಾಗ ಅದು: ಒಂದು ಬಾಗಿಲು, ಒಂದು ಪ್ಲಾಸ್ಟಿಕ್ ಕುರ್ಚಿ, ಹೆಗಲಿನ ಮೇಲೆ ಯಾವುದೋ ಏಜೆನ್ಸಿಯ ಪಟ್ಟಿ. ವರ್ಷಕ್ಕೆರಡು ಸಲ ಹಾರ ಹಾಕಿ ಭಾಷಣ ಮಾಡುವವರೇ ಉಳಿದ ದಿನ ಅದೇ ಬಾಗಿಲಲ್ಲಿ ಅವನ ಮುಖ ನೋಡದೆ ದಾಟಿ ಹೋಗುತ್ತಾರೆ.

ನಾನು ಮೂವತ್ತು ವರ್ಷಕ್ಕೂ ಮೇಲೆ ನೌಕಾಪಡೆಯ ಸ್ಟೋರ್ಸ್ ವಿಭಾಗದಲ್ಲಿ ಇದ್ದವನು. ತಿಪಟೂರಿನ ಕಡೆಯವನಾದರೂ ವಿಶಾಖಪಟ್ಟಣದ ಗಾಜುವಾಕದಲ್ಲೇ ಮನೆ ಮಾಡಿಕೊಂಡು ಉಳಿದೆ. ನಿವೃತ್ತರಾದ ನಾವು ನಾಲ್ವರು ಸೇರಿ ಒಂದು ಕೆಲಸ ಶುರು ಮಾಡಿದೆವು. ಹೊಸದಾಗಿ ಪಡೆ ಬಿಟ್ಟು ಬಂದವರಿಗೆ ಸ್ವಂತ ಅಂಗಡಿ, ಸಣ್ಣ ಉದ್ಯಮ ಹಾಕಿಕೊಡುವುದು. ಅರ್ಜಿ ತುಂಬುವುದು, ಬ್ಯಾಂಕಿಗೆ ಜೊತೆಗೆ ಹೋಗುವುದು, ಜಾಗ ನೋಡುವುದು, ಮೊದಲ ವರ್ಷ ಬೆನ್ನಿಗೆ ನಿಲ್ಲುವುದು. ನನ್ನ ಪಾಲಿಗೆ ಒಂದೇ ನಿಯಮ ಇಟ್ಟುಕೊಂಡಿದ್ದೆ. ನನ್ನ ಬಳಿ ಬಂದವನು ಗೇಟು ಕಾಯಲು ಹೋಗಕೂಡದು.

ಹಾಗೆ ಬಂದವರಲ್ಲಿ ಒಬ್ಬ ಬಾಗಲಕೋಟೆ ಕಡೆಯವನು. ನೇಕಾರರ ಮನೆಯ ಮಗ. ಡೆಕ್ಕಿನ ಮೇಲೆ ಹಗ್ಗ, ದೋಣಿ ನೋಡಿಕೊಳ್ಳುವ ಕೆಲಸ ಅವನದಾದರೂ ಹಡಗಿನ ಕ್ಯಾನ್ವಾಸ್ ಹೊದಿಕೆಗಳನ್ನೆಲ್ಲ ಹೊಲಿಯುತ್ತಿದ್ದವನು ಅವನೇ. ತಪಾಸಣೆಯ ಹಿಂದಿನ ದಿನ ಅರ್ಧ ಹಡಗು ತನ್ನ ಬಿಳಿ ಯೂನಿಫಾರಂ ಹಿಡಿದುಕೊಂಡು ಅವನ ಮುಂದೆ ಸಾಲು ನಿಲ್ಲುತ್ತಿತ್ತಂತೆ. ಹದಿನೈದು ವರ್ಷ ಮುಗಿಸಿ ಬಂದಿದ್ದ. ಹೆಂಡತಿ ತೆಲುಗಿನವಳು, ವಿಜಯವಾಡದ ಪಟಮಟದವಳು. ಇಬ್ಬರೂ ಅಲ್ಲೇ ನೆಲೆಸಿದ್ದರು, ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು.

ನನ್ನ ಮುಂದೆ ಕುರ್ಚಿಯ ತುದಿಯಲ್ಲಿ ಕೂತು ಅವನು ತನ್ನ ಯೋಜನೆ ಹೇಳಿದ. "ಅಕಿ ಮಷೀನ್ ಬಾಜೂಕ ಇನ್ನೊಂದು ಮಷೀನ್ ಇಡತೇನ್ರಿ ಸರ್. ಮಂಗಳಗಿರಿ ಸೀರಿ ತಗೊಂಡು ಓಣಿ ಹೆಣ್ಮಕ್ಕಳೆಲ್ಲಾ ನಮ್ಮಲ್ಲೇ ಬರತಾರ. ಫಾಲ್ ಹಚ್ಚೂದು, ಬ್ಲೌಸು, ಲಂಗಾ. ಇಬ್ರಿಗೂ ಕೈತುಂಬ ಕೆಲಸ ಐತ್ರಿ."

ನಾನು ನಕ್ಕೆ. ಆ ನಗೆಯನ್ನು ವಾಪಸು ತೆಗೆದುಕೊಳ್ಳಲು ಆಗುವಂತಿದ್ದರೆ ಇದನ್ನೆಲ್ಲ ಬರೆಯುತ್ತಿರಲಿಲ್ಲ.

"ಹದಿನೈದು ವರ್ಷ ಯುದ್ಧನೌಕೆಯಲ್ಲಿದ್ದವನು ಹೆಂಡತಿ ಪಕ್ಕ ಕೂತ್ಕೊಂಡು ಬ್ಲೌಸಿಗೆ ಹುಕ್ಕು ಹಾಕ್ತೀಯೇನೋ?" ಎಂದೆ. "ನಾಲ್ಕು ಜನ ನೋಡಿದ್ರೆ ಏನಂದಾರು?"

ಅವನೂ ನಕ್ಕ. ಹಿರಿಯರು ನಕ್ಕಾಗ ಕಿರಿಯರು ನಗಲೇಬೇಕಾದ ಹಾಗೆ. "ಆತ್ರಿ ಸರ್. ನೀವ ಹೇಳ್ರಿ, ಏನ್ ಮಾಡ್ಲಿ?"

ನಾನು ಹೇಳಿದೆ. ಶಾಲೆಯ ಯೂನಿಫಾರಂ. ಅದರಲ್ಲಿ ಶಿಸ್ತಿದೆ, ಮರ್ಯಾದೆಯಿದೆ, ವರ್ಷ ವರ್ಷ ಕೆಲಸವಿದೆ. ವಿಜಯವಾಡದ ಬೆಂಜ್ ಸರ್ಕಲ್ಲಿಗೂ ಪಟಮಟಕ್ಕೂ ನಡುವೆ ಒಂದು ಖಾಸಗಿ ಶಾಲೆಯಿತ್ತು. ಆ ಕಡೆ ಶಾಲೆಯ ಒಡೆಯರನ್ನು ಕರೆಸ್ಪಾಂಡೆಂಟ್ ಎನ್ನುತ್ತಾರೆ. ಅವರನ್ನು ನಾನೇ ಹೋಗಿ ಕಂಡೆ. ಮಾಜಿ ಸೈನಿಕ ಎಂದ ಕೂಡಲೇ ಎದ್ದು ನಿಂತು ಕೈಕುಲುಕಿದರು. ಕಾಫಿ ತರಿಸಿದರು. ಒಂದು ವರ್ಷ ನೋಡೋಣ ಎಂದು ಇಡೀ ಶಾಲೆಯ ಯೂನಿಫಾರಂ ಕೊಟ್ಟರು. ಅದು ಸರಿಹೋದರೆ ಅವರ ಇನ್ನೆರಡು ಶಾಲೆಗಳದ್ದೂ ನಮಗೇ. ಸರಿಹೋಗದಿದ್ದರೆ ಅಂಗಡಿಗೆ ಬೇರೆ ಗಿರಾಕಿಯೇ ಇರಲಿಲ್ಲ. ಬಾಡಿಗೆಗೆ ಹಿಡಿದ ಜಾಗ, ಮೂರು ವಿದ್ಯುತ್ ಮಷೀನು, ಕೆಲಸಕ್ಕೆ ಇಟ್ಟುಕೊಂಡ ಇಬ್ಬರು ಹೆಂಗಸರು, ಎಲ್ಲವೂ ಆ ಒಂದು ಶಾಲೆಯ ಮೇಲೆ ನಿಂತಿತ್ತು.

ಅಂಗಡಿ ಶುರುವಾದ ದಿನ ಗೋಡೆಗೆ ದಿನಚರಿಯ ಹಾಳೆ ಅಂಟಿಸಿದೆ. ಎಂಟಕ್ಕೆ ಬಾಗಿಲು. ಎಂಟೂಕಾಲಿಗೆ ಮಷೀನು ಒರೆಸಿ ಎಣ್ಣೆ. ಹತ್ತೂವರೆಗೆ ಹತ್ತು ನಿಮಿಷ ಚಹಾ. ಕತ್ತರಿಗಳಿಗೆ ಗೋಡೆಯ ಮೇಲೆ ಒಂದೊಂದರ ಆಕಾರ ಬರೆಸಿ ಮೊಳೆ ಹೊಡೆಸಿದೆ, ಯಾವುದು ಕೆಳಗಿದ್ದರೂ ಕಣ್ಣಿಗೆ ಬೀಳಬೇಕು. ಏಪ್ರಿಲಿನಲ್ಲಿ ಪರೀಕ್ಷೆ ಮುಗಿಯುವ ಮುಂಚೆ ಶಾಲೆಯಲ್ಲಿ ಮಕ್ಕಳ ಅಳತೆ ತೆಗೆದೆವು. ಅದೂ ನಮ್ಮ ಪದ್ಧತಿಯಲ್ಲೇ. ಅವನು ಟೇಪು ಹಿಡಿದು ಅಂಕಿ ಕೂಗಬೇಕು, ನಾನು ಅದನ್ನೇ ತಿರುಗಿ ಕೂಗಿ ಬರೆಯಬೇಕು, ಅವನು "ಸರಿ" ಎಂದ ಮೇಲೆ ಮುಂದಿನ ಮಗು. ಹಡಗಿನಲ್ಲಿ ಚುಕ್ಕಾಣಿಯ ಆಜ್ಞೆ ಹೀಗೇ ನಡೆಯುತ್ತದೆ. ಮಕ್ಕಳಿಗೆ ಅದೊಂದು ಆಟವಾಯಿತು. ಮೂರನೇ ತರಗತಿಯವರು ನಮ್ಮಿಬ್ಬರ ಜೊತೆ ತಾವೂ ಕೂಗತೊಡಗಿದರು. ಮೇಡಮ್ಮುಗಳು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಮುನ್ನೂರಕ್ಕೂ ಮೇಲೆ ಮಕ್ಕಳು. ಒಂದು ಅಂಕಿಯೂ ತಪ್ಪಲಿಲ್ಲ. ಇವತ್ತಿಗೂ ಪ್ರಮಾಣ ಮಾಡಿ ಹೇಳಬಲ್ಲೆ.

ನಾನು ಹದಿನೈದು ದಿನಕ್ಕೊಮ್ಮೆ ಬೆಳಗಿನ ರೈಲಿಗೆ ವಿಶಾಖಪಟ್ಟಣದಿಂದ ಹೊರಟು ಮಧ್ಯಾಹ್ನ ವಿಜಯವಾಡ ತಲುಪುತ್ತಿದ್ದೆ. ನನ್ನ ಮಗಳು ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಅಲ್ಲಿದ್ದಳು. ಅವಳ ಮನೆಯಲ್ಲಿ ಚೀಲ ಇಟ್ಟು ನೇರ ಅಂಗಡಿಗೆ. ಈ ಭೇಟಿಗೆ ನಾನು 'ರೌಂಡ್ಸ್' ಎನ್ನುತ್ತಿದ್ದೆ. ಹಡಗಿನಲ್ಲಿ ಹಿರಿಯ ಅಧಿಕಾರಿ ಎಲ್ಲ ಕಂಪಾರ್ಟ್‌ಮೆಂಟುಗಳನ್ನು ನೋಡುತ್ತಾ ಬರುವುದಕ್ಕೆ ಇರುವ ಹೆಸರು ಅದು. ಅವನೂ ಹಾಗೆಯೇ ಕರೆಯುತ್ತಿದ್ದ. ನಾನು ಬರುವ ಹೊತ್ತಿಗೆ ಬಾಗಿಲಲ್ಲಿ ಟೇಪು ಕೊರಳಿಗೆ ಹಾಕಿಕೊಂಡು ನೆಟ್ಟಗೆ ನಿಂತಿರುತ್ತಿದ್ದ.

ಮೇ ತಿಂಗಳ ಒಂದು ಭೇಟಿಯಲ್ಲಿ ಹೊಲಿದಿಟ್ಟ ಪ್ಯಾಂಟುಗಳನ್ನು ಒಂದೊಂದಾಗಿ ರಿಜಿಸ್ಟರಿನ ಜೊತೆ ತಾಳೆ ನೋಡಿದೆ. ಎಲ್ಲವೂ ಉಬ್ಬಿಕೊಂಡು ದೊಗಳೆಯಾಗಿ ಕಾಣುತ್ತಿದ್ದವು. ಕಾಲಿನ ಅಂಚಿನಲ್ಲಿ ದಪ್ಪ ಮಡಿಕೆ, ಸೊಂಟದಲ್ಲಿ ಎರಡು ಕಡೆ ಒಳಗೆ ಸೇರಿಸಿದ ಬಟ್ಟೆ, ಹುಡುಗಿಯರ ಫ್ರಾಕಿನ ಕೆಳಗೆ ಒಂದರ ಮೇಲೊಂದು ಮಡಿಕೆ.

"ಏನಿದು?" ಎಂದೆ.

ಅವನು ಹೆಂಡತಿಯ ಕಡೆ ನೋಡಿದ. ಅವಳು ಮಷೀನಿನಿಂದ ಎದ್ದು ಬಂದಳು. ಗಂಡನ ಮನೆಯವರಿಂದ ಕಲಿತ ಕನ್ನಡಕ್ಕೆ ತೆಲುಗು ಸೇರಿಸಿ ಮಾತಾಡುತ್ತಿದ್ದಳು. "ಒಳಗ ಮೂರು ಇಂಚು ಬಿಡಬೇಕಂಡಿ ಅಣ್ಣಗಾರು. ಹುಡುಗ್ರು ಬೆಳೀತಾರಲ್ಲಂಡಿ? ಎಲ್ಲಾ ತಾಯಂದ್ರೂ ಮೊದಲು ಅದನ್ನೇ ನೋಡೋದು."

"ಮತ್ತೆ ಅಳತೆ ಯಾತಕ್ಕಮ್ಮ ತೆಗೆದಿದ್ದು? ಗೋಣಿಚೀಲ ಹೊಲಿಯೋದಾದ್ರೆ ಟೇಪು ಯಾಕೆ?"

"ಅಳತೆ ಮೈಗಂಡಿ. ಮಡಿಕೆ ಮುಂದಿನ ವರ್ಷಕ್ಕೆ."

"ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ. ಪ್ರಾರ್ಥನೆಗೆ ಸಾಲಾಗಿ ನಿಂತಾಗ ಈ ಶಾಲೆ ಮಕ್ಕಳು ಬೇರೆ ಕಾಣಬೇಕು. ಅದೇ ನಮ್ಮ ಜಾಹೀರಾತು."

ಅವಳು ಮತ್ತೇನೋ ಹೇಳಲು ಹೋದಳು. ಅವನು ಕೈ ಅಡ್ಡ ಹಿಡಿದ. "ಎಸ್ ಸರ್" ಎಂದ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ನಾನು ಬಿಡಲಿಲ್ಲ. ಎದುರಿಗೇ ನಿಂತು ಬಿಚ್ಚಿಸಿದೆ. ಅರ್ಧ ಇಂಚು ಉಳಿಸಿ ಮಿಕ್ಕ ಬಟ್ಟೆಯನ್ನು ಕತ್ತರಿಸಿಯೇ ಹಾಕಿಸಿದೆ, ನಾನು ಹೋದ ಮೇಲೆ ಮತ್ತೆ ಮಡಚಿಬಿಟ್ಟಾರು ಎಂದು. ಕತ್ತರಿ ಹಿಡಿದವನು ಅವನೇ. ಅವಳು ಬಿದ್ದ ನೀಲಿ ಪಟ್ಟಿಗಳನ್ನು ಆಯ್ದು ದಿಂಬಿನ ಚೀಲವೊಂದಕ್ಕೆ ತುಂಬುತ್ತಿದ್ದಳು. ಆ ದಿನ ಕೆಲಸ ಮುಗಿದಾಗ ಸಾಲಾಗಿ ನೇತುಹಾಕಿದ ಆ ಪ್ಯಾಂಟುಗಳನ್ನು ನೋಡಿ ನನಗೆ ಹೆಮ್ಮೆಯಾಗಿತ್ತು.

ಜೂನಿನಲ್ಲಿ ಶಾಲೆ ತೆರೆಯುವ ವಾರ ಶಾಲೆಯ ಶೆಡ್ಡಿನಲ್ಲಿ ಮೇಜು ಹಾಕಿ ವಿತರಣೆ ಇಟ್ಟೆವು. ಹೇಳಿದ ದಿನಕ್ಕೆ, ಹೇಳಿದ ಗಂಟೆಗೆ. ಪ್ರತಿ ಪೊಟ್ಟಣದ ಮೇಲೆ ಹೆಸರು, ತರಗತಿ. ಕರೆಸ್ಪಾಂಡೆಂಟ್ ಸ್ವತಃ ಬಂದು ನೋಡಿ "ಮಿಲಿಟರಿ ಅಂದ್ರೆ ಮಿಲಿಟರಿನೇ" ಎಂದು ನನ್ನ ಬೆನ್ನು ತಟ್ಟಿದರು.

ಮೊದಲ ಪೊಟ್ಟಣ ಬಿಚ್ಚಿದ್ದು ಒಬ್ಬಳು ಅಜ್ಜಿ. ಮೊಮ್ಮಗನ ಪ್ಯಾಂಟನ್ನು ಮೈಗೆ ಹಿಡಿದು ನೋಡಲೇ ಇಲ್ಲ. ನೇರ ಒಳಮಗ್ಗುಲು ತಿರುಗಿಸಿ ಕಾಲಿನ ಅಂಚನ್ನು ಬೆರಳಿನಿಂದ ಹಿಸುಕಿದಳು. ಇನ್ನೊಂದು ಕಾಲು ಹಿಸುಕಿದಳು. ಸೊಂಟ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಒಳಗೆ ಏನೂ ಇಲ್ಲವಲ್ಲ ಬಾಬೂ?" ಎಂದು ತೆಲುಗಿನಲ್ಲಿ ಕೇಳಿದಳು.

"ಸರಿಯಾದ ಅಳತೆಗೆ ಹೊಲಿದಿದ್ದೇವೆ ಅಮ್ಮ."

"ಇವತ್ತಿನ ಅಳತೆಗೆ. ದಸರಾಕ್ಕೆ ಏನು ಹಾಕಲಿ?"

ಹಿಂದೆ ನಿಂತಿದ್ದ ತಾಯಂದಿರೂ ಪೊಟ್ಟಣ ಬಿಚ್ಚಿ ಒಳಮಗ್ಗುಲು ತಿರುಗಿಸತೊಡಗಿದರು. ಶೆಡ್ಡಿನ ತುಂಬ ನೀಲಿ ಪ್ಯಾಂಟುಗಳು ಒಳಹೊರಗಾದವು. ಬೇಸಿಗೆ ರಜೆಯಲ್ಲಿ ಅಜ್ಜಿಮನೆಯ ಮಾವಿನಹಣ್ಣು ತಿಂದು ಬಂದ ಕೆಲವು ಹುಡುಗರಿಗೆ ಗುಂಡಿಯೇ ಕೂರಲಿಲ್ಲ.

"ಏಮಂಡಿ, ನೇವಿಯಲ್ಲಿ ಮಕ್ಕಳು ಬೆಳೆಯೋದಿಲ್ಲವಾ?"

"ಬೆಳೆಯೋಕೆ ಪರ್ಮಿಷನ್ ತಗೋಬೇಕೇನೋ!"

"ವರ್ಷಕ್ಕೆ ಎರಡು ಸಲ ಹೊಲಿಸಲಿ ಅಂತ ಮಾಡಿರೋ ಉಪಾಯ ಕಣೇ ಇದು. ಸೈನಿಕ ಅಂತ ಹೇಳ್ಕೊಂಡು ಮೋಸ."

ಕೊನೆಯ ಮಾತನ್ನು ನಾನು ಸಹಿಸಲಿಲ್ಲ. ಅಚ್ಚುಕಟ್ಟು, ಶಿಸ್ತು ಎಂದು ದನಿ ಎತ್ತಿ ಏನೇನೋ ಹೇಳಿದೆ. ನನ್ನ ದನಿ ಏರಿದಷ್ಟೂ ಅವರ ದನಿ ಏರಿತು. ಅವನು ಮೇಜಿನ ಹಿಂದೆ ನೆಟ್ಟಗೆ ನಿಂತೇ ಇದ್ದ, ಎರಡು ಕೈಯೂ ಪಕ್ಕಕ್ಕೆ. ಅವನ ಹೆಂಡತಿ ಒಬ್ಬೊಬ್ಬರ ಹತ್ತಿರ ಹೋಗಿ "ತಪ್ಪಾಯಿತಂಡಿ, ಸರಿ ಮಾಡಿಕೊಡ್ತೀವಂಡಿ" ಎಂದು ಕೈಮುಗಿಯುತ್ತಿದ್ದಳು. ಸರಿ ಮಾಡಲು ಬಟ್ಟೆಯೇ ಇಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಕರೆಸ್ಪಾಂಡೆಂಟ್ ನನ್ನನ್ನು ತಮ್ಮ ಕೋಣೆಗೆ ಕರೆದರು. ಈ ಸಲ ಎದ್ದು ನಿಲ್ಲಲಿಲ್ಲ. "ಸಾರ್, ನಿಮ್ಮ ಸೇವೆ ಬಗ್ಗೆ ನನಗೆ ತುಂಬಾ ಗೌರವ. ಆದರೆ ನಾನು ಸ್ಕೂಲ್ ನಡೆಸಬೇಕು. ಪೇರೆಂಟ್ಸ್ ಬಂದು ಕೂಗಾಡಿದರೆ ನಿಮ್ಮ ಶಿಸ್ತು ನನಗೆ ಊಟ ಹಾಕುತ್ತಾ?" ಎಂದರು. ಯೂನಿಫಾರಂ ಎಲ್ಲ ಹಿಂದಕ್ಕೆ ಬಂತು. ಹಿಂದಿನ ವರ್ಷ ಹೊಲಿದಿದ್ದವನನ್ನೇ ಮತ್ತೆ ಕರೆಸಿಕೊಂಡರು.

ಅಂದು ಸಂಜೆ ಮಗಳ ಮನೆಯಲ್ಲಿ ಆ ತಾಯಂದಿರನ್ನು ಬೈಯುತ್ತಾ ಕೂತಿದ್ದೆ. ಮಗಳು ಬ್ಯಾಂಕಿನಿಂದ ಬಂದು ಸೊಪ್ಪು ಬಿಡಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ಅಪ್ಪಾ, ನಾನು ಆರನೇ ಕ್ಲಾಸಿನ ಸ್ಕರ್ಟನ್ನ ಎಂಟನೇ ಕ್ಲಾಸ್ ಮುಗಿಯೋವರೆಗೂ ಹಾಕಿದ್ದೆ" ಎಂದಳು. "ಅಮ್ಮ ಪ್ರತಿ ಜೂನಲ್ಲೂ ಒಂದು ಮಡಿಕೆ ಬಿಚ್ಚೋರು. ಬಿಚ್ಚಿದ ಕಡೆ ಬಣ್ಣ ಗಾಢವಾಗಿ ಒಂದು ಗೆರೆ ಕಾಣೋದು. ಕ್ಲಾಸಲ್ಲಿ ಎಲ್ಲರದ್ದೂ ಹಾಗೇ ಇರ್ತಿತ್ತು."

"ನನಗೆ ಹೇಳಲೇ ಇಲ್ಲ ಅವಳು."

"ಹೇಳೋದೇನಿತ್ತು? ನೀವು ಯಾವತ್ತಾದ್ರೂ ಜೂನಲ್ಲಿ ಮನೇಲಿದ್ರಾ?"

ಕೋಪದಿಂದ ಹೇಳಿದ್ದಲ್ಲ. ಸೊಪ್ಪಿನಿಂದ ಕಣ್ಣೂ ಎತ್ತಲಿಲ್ಲ. ನಾನು ರಜೆಗೆ ಬಂದಾಗಲೆಲ್ಲ ಅವಳು ಹಿಂದಿನ ಸಲಕ್ಕಿಂತ ಎತ್ತರವಾಗಿರುತ್ತಿದ್ದಳು, ಬಟ್ಟೆ ಮಾತ್ರ ಸರಿಯಾಗಿ ಇರುತ್ತಿತ್ತು. ಅದು ಹೇಗೆ ಎಂದು ಒಮ್ಮೆಯೂ ಯೋಚಿಸಿದವನಲ್ಲ. ಮೂವತ್ತು ವರ್ಷ ಸಾವಿರಾರು ಜನರಿಗೆ ಯೂನಿಫಾರಂ ಕೊಟ್ಟ ಸ್ಟೋರ್ಸಿನವನು ನಾನು. ಅವರೆಲ್ಲ ಬೆಳೆದು ಮುಗಿದಿದ್ದ ಗಂಡಸರು.

ಮರುದಿನ ಎಂಟಕ್ಕೆ ಅಂಗಡಿಗೆ ಹೋದೆ. ಬಾಗಿಲು ತೆರೆದಿತ್ತು. ಅವನು ಮಷೀನಿಗೆ ಎಣ್ಣೆ ಹಾಕುತ್ತಿದ್ದ. ಹೊಲಿಯಲು ಏನೂ ಇಲ್ಲದಿದ್ದರೂ ಹಾಕುತ್ತಿದ್ದ.

"ನಿನ್ನ ಹೆಂಡತಿ ಹೇಳಿದ್ದು ಸರಿ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ರಿ ಸರ್. ನಾ ಸಣ್ಣಾಂವ ಇದ್ದಾಗ ನಮ್ಮವ್ವನೂ ಹಂಗ ಹೊಲಿಸ್ತಿದ್ಲು."

"ಮತ್ತೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ನೀವು ಹೇಳಿದ ಮ್ಯಾಲ ನಾ ಏನ್ ಹೇಳ್ಲಿರೀ?"

"ಅಯ್ಯಾ, ಇದು ಹಡಗಲ್ಲ. ಇದು ನಿನ್ನ ಅಂಗಡಿ!"

ಅವನು ಎಣ್ಣೆಯ ಡಬ್ಬಿ ಕೆಳಗಿಟ್ಟ. ನಿಜವಾಗಿಯೂ ಉತ್ತರ ಬೇಕಿದ್ದವನಂತೆ ಕೇಳಿದ: "ಹಂಗಾರ ರೌಂಡ್ಸ್ ಯಾಕ ಬರತಿದ್ರಿ ಸರ್?"

 

ಮೂರು ತಿಂಗಳು ಏನೇನೋ ಮಾಡಿದೆವು. ಬೇರೆ ಶಾಲೆಗಳನ್ನು ಸುತ್ತಿದೆ. ಎಲ್ಲ ಕಡೆ ನಮ್ಮ ಸುದ್ದಿ ನಮಗಿಂತ ಮುಂಚೆ ಹೋಗಿ ಕೂತಿತ್ತು. ಒಂದು ಶಾಲೆಯಲ್ಲಿ ಗುಮಾಸ್ತ "ಬೆಳೆಯದ ಮಕ್ಕಳ ಟೈಲರಾ?" ಎಂದು ಪಕ್ಕದವನ ಕಡೆ ತಿರುಗಿ ನಕ್ಕ. ನನ್ನ ಜೊತೆಯ ಮೂವರು ಹಿರಿಯರೂ ಈ ವಿಷಯ ಎತ್ತುವುದನ್ನು ಬಿಟ್ಟರು. ನಮ್ಮ ವಾರ್ಷಿಕ ವರದಿಯ ಕಾಗದದಲ್ಲಿ ಅವನ ಹೆಸರಿನ ಮುಂದೆ "ಉದ್ಯಮ ಆರಂಭಿಸಲಾಗಿದೆ" ಎಂದಷ್ಟೇ ಬರೆದರು. ಅದು ಸುಳ್ಳಲ್ಲ. ಮುಚ್ಚಿದ್ದನ್ನು ಬರೆಯುವ ಅಂಕಣ ಆ ಕಾಗದದಲ್ಲಿ ಇರಲಿಲ್ಲ.

ದಸರೆಯ ಹೊತ್ತಿಗೆ ಅಂಗಡಿ ಬಿಟ್ಟುಕೊಟ್ಟರು. ನಾನು ಅವರ ಮನೆಗೆ ಹೋದೆ. ಹೆಂಡತಿಯ ಹಳೆಯ ಮಷೀನು ಕಿಟಕಿಯ ಪಕ್ಕ ಓಡುತ್ತಿತ್ತು. ಹಬ್ಬದ ಬ್ಲೌಸುಗಳು ಮಂಚದ ಮೇಲೆ ರಾಶಿ ಬಿದ್ದಿದ್ದವು, ಅವಳೊಬ್ಬಳ ಕೈಲಿ ಮುಗಿಯುವಂಥದ್ದಲ್ಲ. ಅಂಗಡಿಯಿಂದ ತಂದ ಮಷೀನೊಂದು ಗೋಡೆಗೆ ಒರಗಿ ಸುಮ್ಮನೆ ಇತ್ತು. ಅವಳು ನನಗೆ ಮಜ್ಜಿಗೆ ಕೊಟ್ಟಳು. ಮರ್ಯಾದೆಗೆ ಎಲ್ಲೂ ಕಡಿಮೆ ಮಾಡಲಿಲ್ಲ.

"ನೀವಾದ್ರೂ ಹೇಳಿ ಅಣ್ಣಗಾರು. ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳೋದಿಲ್ಲ. ಹುಕ್ಕು ಹಾಕಿಕೊಟ್ರೂ ಸಾಕಂಡಿ ನನಗೆ."

ನಾನು ಅವನ ಕಡೆ ತಿರುಗಿದೆ. "ನಾನು ಅವತ್ತು ಅಂದದ್ದು ತಪ್ಪು ಕಣಯ್ಯಾ. ಬ್ಲೌಸು ಹೊಲಿಯೋದರಲ್ಲಿ ಏನು ಅವಮಾನ? ಕೂತ್ಕೋ."

"ಇಲ್ರಿ ಸರ್" ಎಂದ. "ನೀವು ಅಂದದ್ದು ಖರೇನ ಐತಿ. ಹದಿನೈದು ವರ್ಷ ಸರ್ವೀಸ್ ಮಾಡಿ ಅದು ಚಂದ ಕಾಣೂದಿಲ್ಲ. ನನಗೂ ಆಮ್ಯಾಲ ತಿಳೀತು."

ಅವಳು ಮಷೀನು ನಿಲ್ಲಿಸಿದಳು. ನಮ್ಮಿಬ್ಬರನ್ನೂ ಒಂದು ಸಲ ನೋಡಿ ಮತ್ತೆ ಪೆಡಲು ತುಳಿದಳು.

ಆಮೇಲೆ ಅವನು ಎದ್ದು ಒಳಗಿನಿಂದ ಒಂದು ಹಾಳೆ ತಂದ. ಬೆಂಜ್ ಸರ್ಕಲ್ ಹತ್ತಿರದ ಒಂದು ಶೋರೂಮಿಗೆ ಕಾವಲಿಗೆ ಜನ ಬೇಕಿತ್ತಂತೆ. ಏಜೆನ್ಸಿಯವರು ಹಿರಿಯ ಮಾಜಿ ಸೈನಿಕರೊಬ್ಬರ ಪತ್ರ ಕೇಳಿದ್ದರು. "ನೀವ ಬರದು ಕೊಡ್ರಿ ಸರ್. ನಿಮ್ಮಷ್ಟು ನನ್ನ ಯಾರು ಬಲ್ಲರು?"

ಬೇಡವೆನ್ನಲು ನನಗೆ ಬಾಯಿ ಇರಲಿಲ್ಲ. ಮಂಚದ ಮೇಲಿನ ಬ್ಲೌಸುಗಳನ್ನು ಸರಿಸಿ ಅಲ್ಲೇ ಕೂತು ಬರೆದೆ. ಸಮಯಕ್ಕೆ ಸರಿಯಾಗಿ ಬರುತ್ತಾನೆ. ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಾನೆ. ಎದುರು ಮಾತಾಡುವುದಿಲ್ಲ. ಹಿರಿಯರ ಮಾತಿನ ಮೇಲೆ ತನ್ನ ಅಭಿಪ್ರಾಯ ಹೇರುವವನಲ್ಲ. ಒಂದೂ ಸುಳ್ಳಿಲ್ಲದ ಪತ್ರ. ಅವನು ಎರಡು ಸಲ ಓದಿ, ಮಡಚಿ, ಷರ್ಟಿನ ಜೇಬಿಗೆ ಇಟ್ಟುಕೊಂಡ.

ನಾಲ್ಕು ದಿನದ ಮೇಲೆ ಗಾಜುವಾಕದ ಮನೆಗೆ ಏಜೆನ್ಸಿಯವನ ಫೋನು ಬಂತು. "ಬಹಳ ಒಳ್ಳೆ ಮನುಷ್ಯನ್ನ ಕಳಿಸಿದ್ರಿ ಸಾರ್. ನಿಲ್ಲು ಅಂದ ಕಡೆ ನಿಲ್ತಾನೆ. ಇಂಥವರು ಇನ್ನೂ ಇದ್ದಾರಾ ನಿಮ್ಮ ಹತ್ತಿರ?"

ಬೇಕಾದಷ್ಟು ಜನ ಇದ್ದಾರೆ ಎಂದೆ.